ಪ್ರಾಂಕಪ್ಯಾಟಿಗೆ ಎಷ್ಟು ಹರದಾರಿ

"ಆ ಪ್ರಾಂಕಪ್ಯಾಟಿ ಇಲ್ಲಿಂದ ಎಷ್ಟು ಹರದಾರಿ ಆಗತೈತ್ಲೇ?" ಎಂದು ಅವ್ವ ಕೇಳಿದಳು. ಜರ್ಮನಿಯ ಫ್ರಾಂಕ್‌ಫರ್ಟ್ ನಗರವನ್ನು ಅವಳು ಒಂದೇ ಏಟಿಗೆ ನಮ್ಮ ಹೊಸಪೇಟೆಯ ಪಕ್ಕಕ್ಕೆ ತಂದು ಕೂರಿಸಿದ್ದಳು. ಬೇರೆ ದಿನವಾಗಿದ್ದರೆ ಈ ಹೆಸರನ್ನೇ ಹಿಡಿದುಕೊಂಡು ವಾರವಿಡೀ ಅವಳನ್ನು ಕಾಡುತ್ತಿದ್ದೆ. ಅಂದು ಸುಮ್ಮನೆ ಮೊಬೈಲ್ ತೆಗೆದು ಉತ್ತರ ಹುಡುಕಿದೆ. ಆ ಊರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಬರಲಿದ್ದ ಒಂದು ಪೆಟ್ಟಿಗೆಯ ಮೇಲೆ ನನ್ನ ತಂಗಿಯ ಮಗಳ ಜೀವ ನಿಂತಿತ್ತು.

ಮೊಬೈಲಿನಲ್ಲಿ ಇಂಥದ್ದಕ್ಕೇ ಮೀಸಲಾದ ಪುಟಗಳಿವೆ. ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ನೇರ ದೂರ ಎಷ್ಟು, ವಿಮಾನಕ್ಕೆ ಎಷ್ಟು ತಾಸು ಬೇಕು ಎಂದು ಹೇಳಿ, ಭೂಮಿಯ ಚಿತ್ರದ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಯನ್ನೂ ಎಳೆದು ತೋರಿಸುತ್ತವೆ. ಏಳು ಸಾವಿರದ ನಾನೂರು ಕಿಲೋಮೀಟರು ಚಿಲ್ಲರೆ ಎಂದಿತ್ತು. ಅವ್ವನ ಮಟ್ಟಿಗೆ ಕಿಲೋಮೀಟರು ಎಂಬುದು ಬಸ್ ಕಂಡಕ್ಟರಿಗೆ ಸಂಬಂಧಪಟ್ಟ ವಿಷಯ. ನಿಜವಾದ ದೂರವೆಂದರೆ ಹರದಾರಿ, ಮೂರು ಮೈಲಿಗೆ ಒಂದು. ಹುಡುಗಿಯಾಗಿದ್ದಾಗ ಹುಣ್ಣಿಮೆಗೆಂದು ಕಂಪ್ಲಿಯಿಂದ ಹಂಪಿಗೆ ನಡೆದು ಹೋದವಳು ಅವಳು. ಐದು ಹರದಾರಿ ನಡೆದರೆ ಹಿಮ್ಮಡಿಗೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು. ನಾನು ಭಾಗಿಸಿ ನೋಡಿ, ಸಾವಿರದ ಐನೂರರ ಮೇಲೆ ಆಗುತ್ತದೆ ಎಂದೆ.

ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಅಷ್ಟು ದೂರದಿಂದ ನಮ್ಮ ಕೂಸಿನ ರಗತ ಬರ್ತೈತಿ?"

"ರಗತ ಅಲ್ಲಬೇ. ರಗತ ಮಾಡೋ ತಿರುಳು."

"ಎಲ್ಡೂ ಒಂದ ಬಿಡು," ಎಂದು ಮತ್ತೆ ಮೊರ ಎತ್ತಿಕೊಂಡಳು. ಆದರೆ ಅಕ್ಕಿ ಕೇರಲಿಲ್ಲ.

ತಂಗಿಯನ್ನು ಸಂಡೂರಿಗೆ ಕೊಟ್ಟಿದ್ದೇವೆ. ಅವಳ ಗಂಡ ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದಾನೆ. ಒಬ್ಬಳೇ ಮಗಳು, ಒಂಬತ್ತು ವರ್ಷದವಳು, ಬಾಯಿ ಮಾತ್ರ ತೊಂಬತ್ತರದು. ಆ ಬಾಯಿ ಸೋದರಮಾವನಿಂದ ಬಂದದ್ದು ಎಂದು ತಂಗಿ ದೂರುತ್ತಾಳೆ, ನಾನು ಅಲ್ಲಗಳೆಯುವುದಿಲ್ಲ. ಒಂದು ದಿನ ಆ ಹುಡುಗಿಯ ಮೊಣಕಾಲಿನ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ಸಂಡೂರಿನಲ್ಲಿ ಮನೆ ಗೋಡೆ, ಬೇವಿನ ಎಲೆ, ಎಮ್ಮೆಯ ಬೆನ್ನು ಎಲ್ಲವೂ ಕೆಂಪೇ. ತಂಗಿ ಅದನ್ನು ಅದಿರಿನ ಧೂಳು ಎಂದುಕೊಂಡು ಸೀಗೆಪುಡಿ ಹಾಕಿ ಗಸಗಸ ತಿಕ್ಕಿದಳು. ಮರುದಿನ ಇನ್ನಷ್ಟು ಕೆಂಪಾಗಿತ್ತು, ಆಗಲೂ ತಿಕ್ಕಿದಳು. ಆ ಚುಕ್ಕೆಗಳು ಚರ್ಮದ ಹೊರಗಿರಲಿಲ್ಲ, ಒಳಗಿದ್ದವು. ಇಂಥ ತಪ್ಪನ್ನು ಸಂಡೂರಿನ ತಾಯಿಯೇ ಮಾಡಬೇಕು, ಬೇರೆ ಊರಿನವರು ಮೊದಲ ದಿನವೇ ಹೆದರಿ ಡಾಕ್ಟರ ಬಳಿ ಓಡುತ್ತಿದ್ದರು.

ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದರು. ಮೂಳೆಯೊಳಗೆ ಮಜ್ಜೆ ಎಂಬ ತಿರುಳಿರುತ್ತದೆ, ರಕ್ತ ತಯಾರಾಗುವುದು ಅಲ್ಲೇ. "ಈ ಮಗುವಿನ ಫ್ಯಾಕ್ಟರಿ ಬಂದ್ ಆಗಿದೆ ಅಂದ್ಕೊಳ್ಳಿ," ಎಂದರು. ಗಣಿಗಳು ಸಾಲಾಗಿ ನಿಂತುಹೋಗಿದ್ದ ಕಾಲವನ್ನು ಕಂಡಿದ್ದ ತಂಗಿಯ ಗಂಡನಿಗೆ ಅದು ತಕ್ಷಣ ಅರ್ಥವಾಯಿತು. ಪಾಪ, ಅವನು ಕೂತಲ್ಲೇ ಕುಸಿದ. ಬೇರೆಯವರ ಮಜ್ಜೆ ತಂದು ಹಾಕಬೇಕು, ಅದು ಹುಡುಗಿಯದಕ್ಕೆ ಕೂಡಬೇಕು. ಹುಡುಗಿಯ ಅಪ್ಪ, ತಾಯಿ, ನಾನು, ಗಾದಿಗನೂರಿನಲ್ಲಿರುವ ಅವಳ ಚಿಕ್ಕಪ್ಪ, ಎಲ್ಲರದನ್ನೂ ನೋಡಿದರು. ಯಾರದೂ ಸರಿಯಾಗಿ ಕೂಡಲಿಲ್ಲ. ನನ್ನ ಅವ್ವನಿಗೆ ಇದು ದುಃಖಕ್ಕಿಂತ ಮೊದಲು ಅವಮಾನವೆನಿಸಿತು. "ಹೊಟ್ಟಿಲೆ ಹೆತ್ತ ತಾಯಿದು ಕೂಡಂಗಿಲ್ಲ ಅಂದ್ರ ಏನರ್ಥ? ಸರಿಯಾಗಿ ನೋಡಿಲ್ಲ ಅವ್ರು," ಎಂದು ಡಾಕ್ಟರನ್ನೇ ಬೈದಳು. ದುಡ್ಡಿನ ಕಥೆ ಬೇರೆ ಇದೆ, ಅದು ಇಲ್ಲಿ ಬೇಡ.

ಕೊನೆಗೆ ಕೂಡುವ ಒಬ್ಬರು ಸಿಕ್ಕಿದರು. ಸಮುದ್ರದಾಚೆ, ಜರ್ಮನಿಯಲ್ಲಿ. ಯಾವುದೋ ಕಾಲದಲ್ಲಿ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ ಎಂದು ತಮ್ಮ ಹೆಸರನ್ನು ಬರೆಸಿಟ್ಟಿದ್ದವರು. ಈಗ ಕರೆದಾಗ ಬರುತ್ತೇನೆ ಎಂದಿದ್ದರು. ಅವರ ಹೆಸರು ನಮಗೆ ಹೇಳುವಂತಿಲ್ಲ, ಊರು ಹೇಳುವಂತಿಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಪೆಟ್ಟಿಗೆ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಹತ್ತುತ್ತದೆ ಎಂಬುದಷ್ಟೇ ನಮಗೆ ತಿಳಿದದ್ದು. ಅವರಿಗೂ ನಮ್ಮ ವಿಷಯ ಏನೂ ಗೊತ್ತಾಗುವಂತಿಲ್ಲ. ಅಲ್ಲಿ ಹೋಗಿ ನೆಲೆಸಿದ ನಮ್ಮ ದೇಶದವರೇ ಇರಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಇರಬಹುದು, ಇಲ್ಲದೆಯೂ ಇರಬಹುದು," ಎಂದು ನಕ್ಕರು.

ಅವ್ವ ಮಾತ್ರ ಇದನ್ನು ಅಲ್ಲಿಗೇ ಬಿಡುವವಳಲ್ಲ. ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. "ಹಂಪಿ ಹಾಳಾದಾಗ ಮಂದಿ ದಿಕ್ಕಾಪಾಲಾಗಿ ಓಡಿದ್ರಲ್ಲ, ಅದರಾಗ ನಮ್ಮೋರು ಯಾರೋ ಒಬ್ರು ಅಲ್ಲಿತನ ಹೋಗ್ಯಾರ. ಹಂಗಿಲ್ದ ಹೆಂಗ ಕೂಡತೈತಿ?" ನಾನು ಹಂಪಿಯಲ್ಲಿ ಗೈಡ್. ಇಂಥ ಇತಿಹಾಸವನ್ನು ಯಾರಾದರೂ ನನ್ನೆದುರು ಹೇಳಿದರೆ ಅಲ್ಲೇ ನಿಲ್ಲಿಸಿ ತಿದ್ದುವುದು ನನ್ನ ಕೆಟ್ಟ ಚಾಳಿ. ಅದರಿಂದಲೇ ಎಷ್ಟೋ ಪ್ರವಾಸಿಗರು ನನ್ನನ್ನು ಅರ್ಧ ದಾರಿಯಲ್ಲೇ ಬಿಟ್ಟು ಹೋಗಿದ್ದಾರೆ. ಅವ್ವನ ಇತಿಹಾಸವನ್ನು ತಿದ್ದಲಿಲ್ಲ. ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರವೂ ಇರಲಿಲ್ಲ.

ಆ ದಿನಗಳಲ್ಲಿ ನನ್ನ ಕಸುಬೇ ನನಗೆ ಬೇರೆಯಾಗಿ ಕಾಣತೊಡಗಿತು. ಹಂಪಿಗೆ ಬರುವ ಪರದೇಶದವರನ್ನು ನಾನು ಯಾವಾಗಲೂ ಕೇಳುವ ಒಂದು ಪ್ರಶ್ನೆಯಿದೆ: ನಿಮ್ಮ ಊರಿನಿಂದ ಎಷ್ಟು ತಾಸಿನ ದಾರಿ? ಮಾತು ಶುರು ಮಾಡಲು ಅದೊಂದು ನೆಪ, ಉತ್ತರ ಯಾರಿಗೆ ಬೇಕು. ಅವರು ಒಂಬತ್ತು ತಾಸು, ಹನ್ನೊಂದು ತಾಸು ಎಂದು ಹೇಳಿ, ಕಾಲು ಜೋಮು ಹಿಡಿದದ್ದನ್ನೂ ಊಟ ಕೆಟ್ಟದಾಗಿದ್ದದ್ದನ್ನೂ ದೂರುತ್ತಿರುವಾಗ ನಾನು ಅಯ್ಯೋ ಪಾಪ ಎನ್ನುತ್ತ ಟಿಕೆಟ್ಟಿನ ಸಾಲು ಎಷ್ಟು ಉದ್ದವಿದೆ ಎಂದು ನೋಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹಂಪಿ ಬಜಾರಿನ ಕಲ್ಲು ಮಂಟಪಗಳ ನೆರಳಿನಲ್ಲಿ ಆ ತಿಂಗಳು ಒಂದು ಜರ್ಮನ್ ದಂಪತಿ ಸಿಕ್ಕಿದರು. ಇಬ್ಬರಿಗೂ ವಯಸ್ಸಾಗಿತ್ತು. ಅದೇ ಪ್ರಶ್ನೆ ಕೇಳಿದೆ, ಆದರೆ ಈ ಸಲ ಉತ್ತರಕ್ಕಾಗಿ ಕಾದೆ. ಹೊರಗೆ ಎಷ್ಟು ಚಳಿಯಿತ್ತು? ಕಿಟಕಿಯಿಂದ ಏನು ಕಂಡಿತು? ಮಧ್ಯದಲ್ಲಿ ವಿಮಾನ ತಡವಾಗುವುದುಂಟೇ? ಆ ಹೆಂಗಸು, ರಾತ್ರಿ ಊಟ ಮುಗಿಸಿ ಕಣ್ಣು ಮುಚ್ಚಿದೆವು, ಎದ್ದಾಗ ಕೆಳಗೆ ಮರುಭೂಮಿ ಇತ್ತು ಎಂದಳು. ಮಲಗಿದ್ದರಂತೆ! ಇಷ್ಟು ದೇಶ, ಇಷ್ಟು ಬೆಟ್ಟ, ಇಷ್ಟು ಸಮುದ್ರವನ್ನು ದಾಟುತ್ತಿರುವಾಗ ಇವರು ಕಂಬಳಿ ಹೊದ್ದು ಮಲಗಿದ್ದರು. ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅಷ್ಟೇ ಸಂತೋಷವೂ ಆಯಿತು. ಮನುಷ್ಯರು ನಿದ್ದೆ ಮಾಡಬಹುದಾದಷ್ಟು ಸಲೀಸಾದ ದಾರಿ ಅದು ಎಂದ ಮೇಲೆ ಒಂದು ಪೆಟ್ಟಿಗೆ ಬಾರದೇ ಇರುತ್ತದೆಯೇ? ಅವರಿಗೆ ಆ ದಿನ ವಿರೂಪಾಕ್ಷನ ಗುಡಿಯನ್ನು ಎಂದಿಗಿಂತ ನಿಧಾನವಾಗಿ ತೋರಿಸಿದೆ. ನಡುನಡುವೆ ಅವರ ಮುಖ, ಕೈ, ಮೊಣಕೈಯ ನೀಲಿ ನರಗಳನ್ನು ನೋಡುತ್ತಿದ್ದೆ. ನಿಮ್ಮ ಮಕ್ಕಳಲ್ಲಿ ಯಾರಾದರೂ ಹೀಗೆ ಹೆಸರು ಬರೆಸಿದ್ದಾರೆಯೇ ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ.

ಪೆಟ್ಟಿಗೆ ಬರುವ ಮುಂಚಿನ ವಾರ ಎಲ್ಲಕ್ಕಿಂತ ಕಷ್ಟದ್ದು. ಹೊಸ ಮಜ್ಜೆ ಹಾಕುವ ಮೊದಲು ಹಳೆಯದನ್ನು ಔಷಧಿ ಕೊಟ್ಟು ಪೂರ್ತಿ ತೆಗೆದುಬಿಡುತ್ತಾರೆ, ಹೊಲ ಹಸನು ಮಾಡಿದ ಹಾಗೆ. ಅದು ಶುರುವಾದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಹುಡುಗಿಯ ಕೂದಲು ಉದುರಿತು, ಬಾಯಿ ತುಂಬ ಹುಣ್ಣಾಗಿ ಮಾತು ನಿಂತಿತು. ಅವಳ ಕೋಣೆಗೆ ಒಬ್ಬರಿಗೆ ಮಾತ್ರ ಪ್ರವೇಶ, ತಂಗಿ ಒಳಗಿದ್ದಳು. ನಾನು ಫೋನಿನಲ್ಲಿ ಡಾಕ್ಟರನ್ನು ಕೇಳಿದೆ, "ಸಾರ್, ಪೆಟ್ಟಿಗೆ ಬರಲಿಲ್ಲ ಅಂದರೆ?" ಅವರು, "ಬರುತ್ತೆ," ಎಂದರು.

ಬರುವ ರೀತಿಯನ್ನೂ ಅವರೇ ಹೇಳಿದರು. ಕೊಡುವವರಿಂದ ಮಜ್ಜೆ ತೆಗೆದ ಕೂಡಲೇ ಅದನ್ನು ತಂಪಿನ ಪೆಟ್ಟಿಗೆಯಲ್ಲಿಟ್ಟು ಒಬ್ಬ ಮನುಷ್ಯನ ಕೈಗೆ ಕೊಡುತ್ತಾರೆ. ಅವನ ಕೆಲಸ ಅದೊಂದೇ. ಪೆಟ್ಟಿಗೆಯನ್ನು ಸಾಮಾನಿನ ಜೊತೆ ಹಾಕುವಂತಿಲ್ಲ, ಎಕ್ಸ್‌ರೇ ಯಂತ್ರದೊಳಗೆ ತೂರಿಸುವಂತಿಲ್ಲ, ಪಕ್ಕದವನಿಗೆ ಸ್ವಲ್ಪ ನೋಡಿಕೋ ಎಂದು ಹೇಳಿ ಎದ್ದು ಹೋಗುವಂತಿಲ್ಲ. ಮಜ್ಜೆಗೆ ಆಯುಷ್ಯ ಎರಡು ಮೂರು ದಿನ ಮಾತ್ರ, ಅಷ್ಟರೊಳಗೆ ಅದು ಹುಡುಗಿಯ ಮೈ ಸೇರಬೇಕು. ಯಾರದೋ ಮಗುವಿಗಾಗಿ ಯಾರೋ ಕೊಟ್ಟದ್ದನ್ನು ಕಾಲ ಬಳಿ ಇಟ್ಟುಕೊಂಡು ಸಾವಿರದೈನೂರು ಹರದಾರಿ ಎಚ್ಚರವಾಗಿ ಕೂರುವ ಒಬ್ಬ ಮನುಷ್ಯ ಈ ಭೂಮಿಯ ಮೇಲಿದ್ದಾನೆ ಎಂಬುದೇ ನನಗೆ ನಂಬಲಾಗಲಿಲ್ಲ. ಊರಲ್ಲಿ ಪಕ್ಕದ ಮನೆಗೆ ಮೊಸರು ಕೊಟ್ಟು ಕಳಿಸಿದರೆ ಅರ್ಧ ಚೆಲ್ಲಿಕೊಂಡು ಹೋಗುವ ಜನ ನಾವು.

ಆ ದಿನ ಕೆಲಸಕ್ಕೆ ಹೋಗದೆ ಕಂಪ್ಲಿಯಲ್ಲಿ ಅವ್ವನ ಬಳಿ ಇದ್ದೆ. ತಂಗಿ ಬೆಳಿಗ್ಗೆಯೇ ಫೋನ್ ಮಾಡಿ, ಪೆಟ್ಟಿಗೆ ದೆಹಲಿಗೆ ಬಂದಿದೆಯಂತೆ, ಅಲ್ಲಿಂದ ಇನ್ನೊಂದು ವಿಮಾನ, ಮಧ್ಯಾಹ್ನಕ್ಕೆ ಬೆಂಗಳೂರು ಎಂದಳು. ಡಿಸೆಂಬರಿನ ದೆಹಲಿ, ವಿಪರೀತ ಮಂಜು. ಯಾವ ವಿಮಾನ ಎಲ್ಲಿ ಹಾರುತ್ತಿದೆ ಎಂದು ತೋರಿಸುವ ಆ್ಯಪ್ ಹಾಕಿಕೊಂಡು ಕೂತೆ. ದೆಹಲಿಯಲ್ಲಿ ಎಲ್ಲವೂ ನಿಂತಿದ್ದವು. ಹೊತ್ತು ಹೋದಂತೆ ಅವ್ವ ಮೂರು ಸಲ ಚಹಾ ತಂದಿಟ್ಟಳು, ಮೂರೂ ಹಾಗೇ ಆರಿದವು. ಕಡೆಗೆ ಬೆಂಗಳೂರಿನ ಕಡೆಗೆ ಒಂದು ಹೊರಟಿತು, ಅದರ ಬೆನ್ನಿಗೇ ಇನ್ನೊಂದು. ಯಾವುದರಲ್ಲಿ ಪೆಟ್ಟಿಗೆ ಇದೆ ಎಂದು ನಮಗೆ ಗೊತ್ತಿರಲಿಲ್ಲ. ಅವುಗಳ ದಾರಿಯ ಗೆರೆಯನ್ನು ಬೆರಳಲ್ಲಿ ಹಿಡಿದು ನೋಡಿದೆ. ದೆಹಲಿಯಿಂದ ನೇರವಾಗಿ ಕೆಳಗಿಳಿದು ನಮ್ಮ ಬಳ್ಳಾರಿ ಸೀಮೆಯ ಮೇಲೇ ಹಾದಿತ್ತು.

"ಅವ್ವಾ, ವಿಮಾನ ನಮ್ಮ ಮ್ಯಾಲ ಹೋಗತೈತಿ ಕಣಬೇ," ಎಂದುಬಿಟ್ಟೆ.

ಹೇಳಬಾರದಿತ್ತು. ಅವ್ವ ತಡಮಾಡದೆ ಒಳಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು. ತಟ್ಟೆಯಲ್ಲಿ ಅರಿಶಿಣ ಮತ್ತು ಸುಣ್ಣ ಕಲಸಿ ಕೆಂಪು ನೀರು ಮಾಡಿದಳು, ಒಂದು ಹಿಡಿ ಅಕ್ಕಿ ಇಟ್ಟಳು. ಮದುಮಕ್ಕಳು ಬಂದಾಗ, ಬಾಣಂತಿ ಕೂಸನ್ನು ಕರೆದುಕೊಂಡು ಬಂದಾಗ ಬಾಗಿಲಲ್ಲಿ ನಿವಾಳಿಸುತ್ತಾರಲ್ಲ, ಆ ತಯಾರಿ. ಎಲ್ಲಿಗೆ ಎಂದೆ. "ನಮ್ಮೂರ ಮ್ಯಾಲ ಹಾಯ್ದು ಹೋಗತಾರ ಅಂತಿ, ಸುಮ್ನ ಮನಿಯಾಗ ಕುಂದ್ರಾಕ ಬರ್ತೈತೇನು? ಎಷ್ಟು ಮಂದಿ ಕಣ್ಣು ಬಿದ್ದಿರತೈತೋ," ಎಂದು ಹೊರಟೇಬಿಟ್ಟಳು.

ನಮ್ಮ ಮನೆಯ ಹಿಂದೆ ಅಕ್ಕಿ ಮಿಲ್ಲಿನ ಕಣ. ಸುಗ್ಗಿಯ ಕಾಲ, ಭತ್ತ ಹರವಿ ಒಣಗಿಸಿದ್ದರು. ಕೆಲಸದ ಹೆಂಗಸರು ಭತ್ತದೊಳಗೆ ಕಾಲೆಳೆದು ನಡೆಯುತ್ತ ಅದನ್ನು ತಿರುವುತ್ತಿದ್ದರು. ಅವ್ವನ ಕೈಯಲ್ಲಿ ಆರತಿ ತಟ್ಟೆ ನೋಡಿ ಎಲ್ಲರೂ ಬಂದು ನೆರೆದರು. ವಿಷಯ ತಿಳಿದ ಮೇಲೆ ಒಬ್ಬಳಾದರೂ ನಗಲಿಲ್ಲ. ತಲೆಯ ಮೇಲಿನ ಸೆರಗು ಸರಿಸಿ ಎಲ್ಲರೂ ಆಕಾಶ ನೋಡುತ್ತ ನಿಂತರು. ಮೋಡವಿರಲಿಲ್ಲ. ಗುಬ್ಬಿಗಳು ಇದೇ ಸಮಯವೆಂದು ಭತ್ತಕ್ಕೆ ಇಳಿದವು, ಅವನ್ನು ಓಡಿಸುವವರೂ ಇರಲಿಲ್ಲ.

"ಬಂತು ಬಂತು, ಅಲ್ನೋಡ್ರಿ!" ಎಂದು ಒಬ್ಬಳು ಕೂಗಿದಳು. ಬಡಗಣ ದಿಕ್ಕಿನಿಂದ ಬಿಳಿಯ ಗೆರೆಯೊಂದು ಸದ್ದಿಲ್ಲದೆ ಬರುತ್ತಿತ್ತು. ಅದರ ತುದಿಯಲ್ಲಿ ಸೂಜಿಯ ಮೊನೆಯಷ್ಟು ಬೆಳಕು. ಅವ್ವ ಕಣ್ಣು ಮುಚ್ಚಿಕೊಂಡಳು. ತಟ್ಟೆಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಬಲದಿಂದ ಎಡಕ್ಕೆ ಮೂರು ಸುತ್ತು ನಿವಾಳಿಸಿದಳು, ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು. ಆಮೇಲೆ ಕಣದ ಅಂಚಿಗೆ ಹೋಗಿ ಕೆಂಪು ನೀರನ್ನು ಚೆಲ್ಲಿದಳು. ಹೆಂಗಸರು ಕೈ ಮುಗಿದರು. ಗೆರೆ ನಮ್ಮ ನೆತ್ತಿಯ ಮೇಲೆ ಹಾದು ತೆಂಕಣಕ್ಕೆ ಹೋಯಿತು.

ನಾನು ಮೊಬೈಲ್ ನೋಡಿದೆ. ಅದು ಕೊಚ್ಚಿಗೆ ಹೋಗುವ ವಿಮಾನ.

ಬೆಂಗಳೂರಿನವು ಎರಡೂ ನಮ್ಮಿಂದ ದೂರ ಮೂಡಣದಲ್ಲಿ, ಆಂಧ್ರದ ಆದವಾನಿಯ ಕಡೆ ಬರುತ್ತಿದ್ದವು. ಮೊಬೈಲಿನ ಭೂಪಟದ ಮೇಲೆ ನನ್ನ ಬೆರಳು ಒಂದು ಜಿಲ್ಲೆಯಷ್ಟು ದಪ್ಪವಿರುತ್ತದೆ ಎಂಬುದು ಆಗ ಹೊಳೆಯಿತು. ಅವು ಕಂಪ್ಲಿಯಿಂದ ಕಾಣುವ ಮಾತೇ ಇಲ್ಲ. ದಾರಿ ತೋರಿಸಿ ಹೊಟ್ಟೆ ಹೊರೆಯುವ ನಾನು ಅವ್ವನಿಗೆ ಬೇರೆ ವಿಮಾನವನ್ನು ತೋರಿಸಿದ್ದೆ. ಹೇಳುವುದೋ ಬಿಡುವುದೋ ಎಂದು ಒದ್ದಾಡಿ, ಮೆಲ್ಲಗೆ ಹೇಳಿದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದಿನಾ ಮಂದಿಗೆ ಹಿಂಗ ತೋರಸ್ತಿ ಏನ್ಲೇ ಹಂಪಿ?" ಎಂದಳು. ಹೆಂಗಸರು ಆಗ ನಕ್ಕರು. ಅವಳು ತೆಂಕಣಕ್ಕೆ ತಿರುಗಿ, ಕರಗುತ್ತಿದ್ದ ಗೆರೆಯನ್ನು ಒಂದು ಗಳಿಗೆ ನೋಡಿ, "ಹೋಗ್ಲಿ, ಅವ್ರೂ ಸುಖವಾಗಿ ಮುಟ್ಲಿ," ಎಂದಳು. ಆಮೇಲೆ ನನ್ನ ಕೈಗೆ ಖಾಲಿ ತಟ್ಟೆ ಕೊಟ್ಟು, "ಜಲ್ದಿ ಹೋಗು. ಸುಣ್ಣ ಅರಿಶಿಣ ಮತ್ತ ತಗೊಂಡ್ ಬಾ," ಎಂದಳು.

ಓಡಿ ಹೋಗಿ ತಂದೆ. ಈ ಸಲ ನಾನು ಮೊಬೈಲಿನ ಮೇಲೆ ಬೆರಳಿಡದೆ, ಕಣ್ಣು ಕಿರಿದು ಮಾಡಿ ನೋಡುತ್ತ ಕಾದೆ. ಪರದೆಯ ಮೇಲಿನ ಎರಡು ಸಣ್ಣ ವಿಮಾನಗಳು ನಮ್ಮ ಊರಿನ ನೇರಕ್ಕೆ ಬಂದಾಗ ಮೂಡಣಕ್ಕೆ ಕೈ ಮಾಡಿದೆ. ಅಲ್ಲಿ ಏನೂ ಇರಲಿಲ್ಲ. ಮಿಲ್ಲಿನ ಹೊಗೆಕೊಳವೆ, ಅದರಾಚೆ ಬಾಳೆ ತೋಟ, ಅದರಾಚೆ ಬರಿಯ ಬಿಸಿಲು. ಅವ್ವ ಆ ಖಾಲಿ ಆಕಾಶಕ್ಕೆ ನಿವಾಳಿಸಿದಳು, ಯಾವುದರಲ್ಲಿ ಪೆಟ್ಟಿಗೆ ಇದೆಯೋ ತಿಳಿಯದ್ದರಿಂದ ಎರಡು ವಿಮಾನಕ್ಕೂ ಬೇರೆಬೇರೆಯಾಗಿ. ದೇವರ ಮುಂದೆ ಕೈ ಮುಗಿಯುವಾಗಲೂ ಅರೆಮನಸ್ಸಿನವನಾದ ನಾನು ಅಲ್ಲಿ ಕೈ ಮುಗಿದು ನಿಂತೆ. ಕಾಣದಷ್ಟು ದೂರದಲ್ಲಿ, ಕಾಣದಷ್ಟು ಎತ್ತರದಲ್ಲಿ, ಹೆಸರಿಲ್ಲದವರು ಕೊಟ್ಟದ್ದನ್ನು ಹೆಸರಿಲ್ಲದವನೊಬ್ಬ ಹಿಡಿದುಕೊಂಡು ನಮ್ಮ ಮನೆಯ ಹುಡುಗಿಯ ಕಡೆಗೆ ಹೋಗುತ್ತಿದ್ದ. ನನಗೆ ಅಳು ಬಂತು, ಅತ್ತೆ.

ಸಂಜೆಯೊಳಗೆ ತಂಗಿಯ ಫೋನ್ ಬಂತು. ಪೆಟ್ಟಿಗೆ ತಲುಪಿತ್ತು. ಅವಳ ಗಂಡ ಆಸ್ಪತ್ರೆಯ ಬಾಗಿಲಲ್ಲಿ ತಂದವನ ಕಾಲಿಗೆ ಬೀಳಲು ಹೋದನಂತೆ, ಆತ ಗಾಬರಿಯಾಗಿ ಹಿಂದೆ ಸರಿದನಂತೆ. ಕುಡಿಯಲು ನೀರು ಕೇಳಿ, ಕುಡಿದು, ಹೊರಟುಹೋದನಂತೆ. ತಂಗಿ ವಿಡಿಯೋದಲ್ಲಿ ತೋರಿಸಿದಳು: ಸಲೈನ್ ಹಾಕುವ ಕಂಬಕ್ಕೆ ಅಂಗೈ ಅಗಲದ ಒಂದು ಚೀಲ ತೂಗುಹಾಕಿತ್ತು, ಅದರಲ್ಲಿ ಕಡುಗೆಂಪು ರಕ್ತದಂಥದ್ದು. ಅದು ತೊಟ್ಟು ತೊಟ್ಟಾಗಿ ಇಳಿಯಿತು, ಅಷ್ಟೇ. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಬಾಯಿ ಹುಣ್ಣಿನ ನಡುವೆಯೂ ಹುಡುಗಿ, "ಮಾಮ, ಇಷ್ಟಕ್ಕ ಅಷ್ಟು ಗದ್ಲ ಮಾಡಿದ್ರೇನು?" ಎಂದಳು. ಎಷ್ಟೋ ದಿನದ ಮೇಲೆ ಕೇಳಿದ ಮೊದಲ ಅಧಿಕಪ್ರಸಂಗ ಅದು.

ಚೀಲದಿಂದ ನರಕ್ಕೆ ಇಳಿದದ್ದು ಮೂಳೆಯೊಳಗೆ ಹೋಗುವುದು ಹೇಗೆ ಎಂದು ಡಾಕ್ಟರನ್ನು ಕೇಳಿದೆ. ಅದನ್ನು ಯಾರೂ ಒಯ್ದು ಮುಟ್ಟಿಸುವುದಿಲ್ಲ, ರಕ್ತದಲ್ಲಿ ಸುತ್ತುತ್ತ ಸುತ್ತುತ್ತ ತಾನೇ ಮೂಳೆಯನ್ನು ಹುಡುಕಿಕೊಂಡು ಒಳಗೆ ಹೋಗಿ ನೆಲೆಸುತ್ತದೆ ಎಂದರು. ನಾನು ಬಾಯಿ ತೆರೆದು ಕೇಳಿದೆ. ಅಷ್ಟು ದೇಶಗಳ ದಾರಿಗೆ ವಿಮಾನ ಬೇಕಾಯಿತು, ಪೈಲಟ್ ಬೇಕಾಯಿತು, ಕಾವಲಿಗೆ ಒಬ್ಬ ಮನುಷ್ಯ ಬೇಕಾಯಿತು. ಕಟ್ಟಕಡೆಯ ಒಂದು ಮೊಳ ದಾರಿಗೆ ಮಾತ್ರ ಯಾರೂ ಬೇಡ. ಎಂದೂ ನೋಡದ ಮನೆಯಲ್ಲಿ, ಕತ್ತಲಲ್ಲಿ, ಕೇಳುವವರೂ ಹೇಳುವವರೂ ಇಲ್ಲದೆ ಅದು ತನ್ನ ಕೋಣೆಯನ್ನು ಕಂಡುಕೊಳ್ಳುತ್ತದೆ. ಹಂಪಿಯಲ್ಲಿ ನನ್ನ ಜೊತೆಗಿದ್ದೂ ದಾರಿ ತಪ್ಪಿಸಿಕೊಂಡವರು ಎಷ್ಟೋ ಜನ.

ಅವ್ವನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದಳು.

ನೀರಿಗೆ ಬರಲು ವಾರಗಳೇ ಹಿಡಿದವು. ನಡುವೆ ಹುಡುಗಿಗೆ ಜ್ವರ ಬಂದು ಒಂದು ಸಲ ಕೈ ಬಿಟ್ಟೇ ಹೋದಳೇನೋ ಎಂಬ ಹಾಗಾಯಿತು. ಆ ದಿನಗಳನ್ನು ಬರೆಯುವ ಧೈರ್ಯ ನನಗಿಲ್ಲ. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರು, ಹೊಸ ರಕ್ತ ಶುರುವಾಗಿದೆ ಎಂದರು. ತಿಂಗಳುಗಳು ಕಳೆದ ಮೇಲೆ ಅವಳ ರಕ್ತದ ಗುಂಪೇ ಬದಲಾಯಿತು. ಹುಟ್ಟಿದಾಗ ಓ ಇದ್ದದ್ದು ಈಗ ಎ. ಕೊಟ್ಟವರದು ಎ ಇರಬೇಕು. ಅವರ ಬಗ್ಗೆ ನಮಗೆ ತಿಳಿದ ಮೊದಲ ಸಂಗತಿ ಅದು.

ಇದು ಅವ್ವನಿಗೆ ದೊಡ್ಡ ತಲೆನೋವಾಯಿತು. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಬೆಡಗು ಇರುತ್ತದೆ, ವಂಶದ ಗುರುತು. ಮದುವೆ ಮಾತು ಬಂದರೆ ಮೊದಲು ಕೇಳುವುದು ಅದನ್ನೇ. "ರಗತನ ಬ್ಯಾರೆ ಆತಂದ್ರ ಹುಡುಗಿ ಬೆಡಗು ಯಾವ್ದು? ನಾಳೆ ಬೀಗರು ಕೇಳಿದ್ರ ಜರ್ಮನಿ ಅನ್ನೂಣೇನು?" ತಂಗಿ ನಕ್ಕು ನಕ್ಕು ಸಾಕಾದಳು. ಅವ್ವ ನಗಲಿಲ್ಲ. ಹುಡುಗಿಯ ಅಪ್ಪನ ಬೆಡಗು ಇದ್ದದ್ದು ಇದ್ದೇ ಇರಲಿ, ಇನ್ನೊಂದು ಕೂಡಿಕೊಂಡಿತು, ಅಷ್ಟೇ ಎಂದು ತಾನೇ ಇತ್ಯರ್ಥ ಮಾಡಿಕೊಂಡಳು.

ಸಂಡೂರಿನ ಧೂಳೂ ಬೇಡ, ಕಂಪ್ಲಿಯ ಮಿಲ್ಲಿನ ಹೊಟ್ಟೂ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತಾಯಿ ಮಗಳು ಹೊಸಪೇಟೆಯ ನನ್ನ ಮನೆಗೆ ಬಂದರು, ಹಿಂದೆಯೇ ಅವ್ವನೂ ಬಂದಳು. ತುಂಬ ದಿನ ಬೇಯಿಸಿದ ಸಪ್ಪೆ ಊಟ. ಕೊನೆಗೆ ಎಲ್ಲ ತಿನ್ನಬಹುದು ಎಂಬ ಅಪ್ಪಣೆ ಬಂದ ದಿನ ಅವ್ವ ನಸುಕಿನಲ್ಲೇ ಎದ್ದಳು. ಜೋಳದ ರೊಟ್ಟಿ, ತುಂಬುಗಾಯಿ ಬದನೆ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಹುಡುಗಿ ಎರಡು ರೊಟ್ಟಿ ತಿಂದಳು. ನಾವೆಲ್ಲ ತಿನ್ನುವುದನ್ನು ಬಿಟ್ಟು ಅವಳು ತಿನ್ನುವುದನ್ನೇ ನೋಡುತ್ತಿದ್ದೆವು.

ಕೈ ತೊಳೆದು ಬರುವಷ್ಟರಲ್ಲಿ ಅವಳ ತುಟಿ ಊದಿತ್ತು. ಕುತ್ತಿಗೆಯ ಮೇಲೆ, ತೋಳಿನ ಮೇಲೆ ಕೆಂಪು ಕೆಂಪು ಗಂಧೆ. ತಂಗಿ ಮಗಳ ತೋಳನ್ನು ಹಿಡಿದುಕೊಂಡು ಆ ಕೆಂಪನ್ನೇ ನೋಡುತ್ತ ಗೋಡೆಗೆ ಒರಗಿದಳು. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಮಗೆಲ್ಲ ಗೊತ್ತಿತ್ತು, ನಮ್ಮ ಮನಸ್ಸಿನಲ್ಲೂ ಅದೇ ಇತ್ತು. ಹುಡುಗಿಯನ್ನು ಎತ್ತಿಕೊಂಡು ಬೀದಿಗೆ ಓಡಿದೆ. ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಊತ ಇಳಿಯಿತು, ರಕ್ತ ಪರೀಕ್ಷೆಯೂ ಆಯಿತು. ಬೆಂಗಳೂರಿನ ಡಾಕ್ಟರಿಗೆ ಫೋನ್ ಹಚ್ಚಿದೆ.

ಅವರು ಸಾವಧಾನವಾಗಿ ಎಲ್ಲ ಕೇಳಿದರು. ರಕ್ತ ಸರಿಯಾಗಿದೆ, ಹಳೆಯ ಕಾಯಿಲೆ ಅಲ್ಲ ಎಂದರು. ಏನು ತಿಂದಳು ಎಂದು ಕೇಳಿದರು. ಹೇಳಿದೆ. ಮುಂಚೆ ಶೇಂಗಾ ತಿನ್ನುತ್ತಿದ್ದಳೇ? ಹಲ್ಲು ಬಂದಾಗಿನಿಂದ ತಿನ್ನುತ್ತಿದ್ದಾಳೆ ಸಾರ್, ನಮ್ಮ ಕಡೆ ಅದಿಲ್ಲದೆ ಊಟವೇ ಇಲ್ಲ ಎಂದೆ. ಅವರು, "ಮಜ್ಜೆ ಕೊಟ್ಟವರಿಗೆ ಶೇಂಗಾ ಆಗ್ತಿರಲಿಲ್ಲ ಅನ್ಸುತ್ತೆ. ಅಪರೂಪಕ್ಕೆ ಆ ಅಲರ್ಜಿಯೂ ಮಜ್ಜೆಯ ಜೊತೆಗೆ ಬಂದುಬಿಡುತ್ತೆ," ಎಂದರು. ಇನ್ನು ಮುಂದೆ ಅವಳಿಗೆ ಶೇಂಗಾ ಕೊಡಬೇಡಿ ಎಂದೂ ಹೇಳಿದರು.

ಮನೆಗೆ ಬಂದು ಹೇಳಿದೆ. ತಂಗಿ ಈಗ ಅತ್ತಳು, ಹಗುರಾಗಿ. ಅವ್ವ ಎದ್ದು ಅಡುಗೆಮನೆಗೆ ಹೋಗಿ ಶೇಂಗಾದ ಡಬ್ಬಿ, ಚಟ್ನಿಪುಡಿಯ ಭರಣಿ, ಶೇಂಗಾ ಎಣ್ಣೆಯ ಕ್ಯಾನು ಎಲ್ಲ ಹೊರಗೆ ತಂದಿಟ್ಟಳು. ಒರಳನ್ನು ಮೂರು ನೀರಿನಲ್ಲಿ ತೊಳೆದಳು. ಅಂದಿನಿಂದ ನಮ್ಮ ಮನೆಯಲ್ಲಿ ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಎಪ್ಪತ್ತು ದಾಟಿದ ಹೆಂಗಸು ತನ್ನ ಕೈಗೆ ಗೊತ್ತಿದ್ದ ಅಡುಗೆಯನ್ನೆಲ್ಲ ಮತ್ತೆ ಮೊದಲಿನಿಂದ ಕಲಿತಳು. ಒಂದು ದಿನವೂ ಗೊಣಗಲಿಲ್ಲ.

ಮೊನ್ನೆ ಹಬ್ಬಕ್ಕೆ ಪಕ್ಕದ ಮನೆಯಾಕೆ ಬಾಳೆ ಎಲೆಯಲ್ಲಿ ಶೇಂಗಾ ಹೋಳಿಗೆ ಸುತ್ತಿಕೊಂಡು ಬಂದರು. ಹೊಸದಾಗಿ ಬಂದವರು, ನಮ್ಮ ಕಥೆ ಅವರಿಗೆ ಗೊತ್ತಿಲ್ಲ. ಅವ್ವ ಬಾಗಿಲಲ್ಲೇ ಎರಡೂ ಕೈ ಅಡ್ಡ ಹಿಡಿದಳು.

"ತಪ್ಪು ತಿಳ್ಕೋಬ್ಯಾಡ್ರಿ. ನಮ್ಮನಿಯಾಗ ಶೇಂಗಾ ಒಳಗ ತರಂಗಿಲ್ರಿ."

"ಹೌದೇನ್ರಿ? ಕೂಸಿಗೆ ಆಗಂಗಿಲ್ಲೇನು?"

"ಕೂಸಿಗೆ ಆಗತಿತ್ರಿ, ಡಬ್ಬಿಗಟ್ಲೆ ತಿಂತಿತ್ತು," ಎಂದಳು ಅವ್ವ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮೊಮ್ಮಗಳ ಕಡೆಗೆ ತಿರುಗಿ, ಮನೆಗೆ ಬಂದ ಹಿರಿಯರ ಬಗ್ಗೆ ಹೇಳುವಾಗಿನ ಹಾಗೆ ದನಿ ತಗ್ಗಿಸಿದಳು. "ಅವ್ರಿಗೆ ಆಗಂಗಿಲ್ರಿ."